ಫ್ರಿಜ್ ಆರಿಸಿದ ಮೇಲೆ ಶುರುವಾಗುವ ಕಚೇರಿ

ಹಬ್ಬಗಳ ಕೆಲವು ತಿಂಗಳು ಬಿಟ್ಟರೆ, ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ಐದೂವರೆಗೆ ಬಸವನಗುಡಿಯ ನಮ್ಮ ಮನೆಯ ಹಜಾರದಲ್ಲಿ ಸಂಗೀತ ಕಚೇರಿ ನಡೆಯುತ್ತದೆ. ಮನೆ ನನ್ನ ಮಾವನವರ ಕಾಲದ್ದು. ಕೆಂಪು ಗಾರೆಯ ನೆಲ, ಎತ್ತರದ ತಾರಸಿ, ಬೀದಿಗೆ ತೆರೆಯುವ ಎರಡು ಕಿಟಕಿ. ಜಮಖಾನದ ಮೇಲೆ ಮೂವತ್ತೈದು ಜನ ಕೂರುತ್ತಾರೆ, ಮಂಡಿ ನೋವಿನವರಿಗೆ ಗೋಡೆಯುದ್ದಕ್ಕೂ ಹತ್ತು ಕುರ್ಚಿ. ಮೈಕಿಲ್ಲ, ವೇದಿಕೆಯಿಲ್ಲ, ಅಧ್ಯಕ್ಷರಿಲ್ಲ. ಇಷ್ಟು ಅಚ್ಚುಕಟ್ಟಾಗಿ ಮೊದಲೇ ಯೋಚಿಸಿದ್ದಿರಾ ಎಂದು ಹೊಸಬರು ಕೇಳುತ್ತಾರೆ. ಇಲ್ಲ. ಒಂದೊಂದನ್ನೇ ಕೈಬಿಡುತ್ತಾ ಇಲ್ಲಿಗೆ ಬಂದು ತಲುಪಿದ್ದೇವೆ, ಅಷ್ಟೆ.

2012ರ ನವೆಂಬರಿನಲ್ಲಿ ನಾವು ಮಾಡಿದ ಮೊದಲ ಕಾರ್ಯಕ್ರಮದಲ್ಲಿ ಎಲ್ಲವೂ ಇದ್ದವು. ಬಡಾವಣೆಯ ಉದ್ಯಾನದಲ್ಲಿ ಶಾಮಿಯಾನ, ನೂರೈವತ್ತು ಬಾಡಿಗೆ ಕುರ್ಚಿ, ಹನ್ನೆರಡು ಅಡಿಯ ಬ್ಯಾನರು, ಆಳೆತ್ತರದ ಎರಡು ಧ್ವನಿಪೆಟ್ಟಿಗೆ. ಮುಖ್ಯ ಅತಿಥಿಯೊಬ್ಬರಿದ್ದರು; ಅವರು ಬರುವವರೆಗೆ ದೀಪ ಬೆಳಗುವಂತಿರಲಿಲ್ಲ. ಅವರು ಬಂದದ್ದು ಒಂದು ಗಂಟೆ ಹತ್ತು ನಿಮಿಷ ತಡವಾಗಿ. ಅಲ್ಲಿಯವರೆಗೆ ಮೈಕಿನ ಹುಡುಗ ಸಿನಿಮಾ ಹಾಡು ಹಾಕಿದ. ಅವನದೇನೂ ತಪ್ಪಿಲ್ಲ, ಖಾಲಿ ಮೈಕು ಅವನಿಗೆ ಕಣ್ಣಿಗೆ ಚುಚ್ಚುತ್ತಿತ್ತು. ಭಾಷಣ ಮುಗಿದು, ಶಾಲು ಹೊದಿಸಿ, ಹಾರ ಹಾಕಿ, ಗಾಯಕಿ ಮೊದಲ ಹಾಡಾದ ವರ್ಣ ಎತ್ತಿಕೊಳ್ಳುವ ಹೊತ್ತಿಗೆ ಹನಿಯತೊಡಗಿತು. ಮೃದಂಗದವರು ವಾದ್ಯವನ್ನು ಮಗುವಿನಂತೆ ಎದೆಗವಚಿಕೊಂಡು ಮರದ ಕೆಳಗೆ ಓಡಿದ ದೃಶ್ಯ ಇಂದಿಗೂ ನನ್ನ ಕಣ್ಣ ಮುಂದಿದೆ. ಆ ಸಂಜೆ ಕುರ್ಚಿಗಳಲ್ಲಿ ಕುಳಿತಿದ್ದವರು ಮೂವತ್ತೊಂದು ಜನ. ಅದರಲ್ಲಿ ಹನ್ನೊಂದು ಜನ ಪ್ರಾರ್ಥನೆ ಹಾಡಿದ ಮಕ್ಕಳ ತಂದೆತಾಯಿಗಳು.

ನಾನು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಲೆಕ್ಕ ಬರೆದವಳು. ರಾತ್ರಿ ಕುಳಿತು ಲೆಕ್ಕ ಹಾಕಿದೆ. ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ ಹಾಡಿದವರಿಗೆ, ನುಡಿಸಿದವರಿಗೆ ಹೋದದ್ದು ಹದಿನಾಲ್ಕು ರೂಪಾಯಿ. ಉಳಿದದ್ದು ಕಂಬ, ಬಟ್ಟೆ, ಕುರ್ಚಿ, ಧ್ವನಿ, ಶಾಲು ಮತ್ತು ಫಲಕಕ್ಕೆ. ಆ ಹದಿನಾಲ್ಕು ನನ್ನನ್ನು ಬಹಳ ದಿನ ಕಾಡಿತು.

ಹಾಗೆ ನೋಡಿದರೆ ನಮ್ಮ ಕಡೆ ಸಂಗೀತಕ್ಕೆ ಬರವಿಲ್ಲ. ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಹುಟ್ಟಿದ ಗಾಯನ ಸಮಾಜವಿದೆ. ಬಿ.ಪಿ. ವಾಡಿಯಾ ರಸ್ತೆಯಲ್ಲಿ ವಿಶ್ವ ಸಂಸ್ಕೃತಿ ಸಂಸ್ಥೆ, ಬುಲ್ ಟೆಂಪಲ್ ರಸ್ತೆಯಲ್ಲಿ ಡಿ.ವಿ.ಜಿ. ಅವರು ಕಟ್ಟಿದ ಗೋಖಲೆ ಸಂಸ್ಥೆ, ಎರಡೂ 1945ರವು. ಬೇಸಿಗೆ ಬಂತೆಂದರೆ, 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ಉತ್ಸವಕ್ಕೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಏಳುತ್ತದೆ. ದೇಶದ ದೊಡ್ಡ ದೊಡ್ಡ ಹೆಸರುಗಳೆಲ್ಲ ಅಲ್ಲಿ ಹಾಡಿವೆ, ನಾವು ಬೀಸಣಿಗೆ ಹಿಡಿದು ಕೇಳಿದ್ದೇವೆ. ಇಷ್ಟಿರುವಾಗ ನಿನ್ನ ಹಜಾರದ ಕಚೇರಿ ಯಾರಿಗೆ ಬೇಕು ಎಂದು ನನ್ನ ಯಜಮಾನರೇ ಕೇಳಿದರು. ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಹದಿನೈದು ವರ್ಷ ಪಾಠ ಹೇಳಿಸಿಕೊಂಡು, ಎರಡು ಗಂಟೆಯ ಪೂರ್ಣ ಕಚೇರಿ ಹಾಡುವ ತಯಾರಿ ಮಾಡಿಕೊಂಡು, ದೊಡ್ಡ ಸಭೆಗಳಲ್ಲಿ ಮಧ್ಯಾಹ್ನದ ಮುಕ್ಕಾಲು ಗಂಟೆಗಾಗಿ ಕಾಯುತ್ತಿರುತ್ತಾಳೆ. ಮುಕ್ಕಾಲು ಗಂಟೆಯಲ್ಲಿ ತೋಡಿಯಂಥ ದೊಡ್ಡ ರಾಗವನ್ನು ಹಾಡುವುದು ಹೇಗೆ? ನನಗೆ ಬೇಕಿದ್ದದ್ದು ಅವಳ ಎರಡು ಗಂಟೆ.

2013ರ ಸಂಕ್ರಾಂತಿ ಕಳೆದ ಮೇಲೆ ಹಜಾರದ ಸೋಫಾವನ್ನು ಮಹಡಿಗೆ ಸಾಗಿಸಿದೆವು. ಅದು ಮತ್ತೆ ಕೆಳಗಿಳಿದಿಲ್ಲ.

ಮೊದಲು ಬಿಟ್ಟದ್ದು ಮುಖ್ಯ ಅತಿಥಿಯನ್ನು. ಇದರಿಂದ ನೊಂದವರು ಯಾರೂ ಇಲ್ಲ, ಒಬ್ಬ ಹೂವಾಡಿಗನ ಹೊರತು. ಮೈಕನ್ನು ಬಿಡುವುದು ಅಷ್ಟು ಸುಲಭವಾಗಲಿಲ್ಲ. ಇಂದಿನ ಮಕ್ಕಳು ಮೈಕಿನ ಮುಂದೆಯೇ ಬೆಳೆದವರು, ಅರ್ಧ ಧ್ವನಿಯಲ್ಲಿ ಹಾಡುವುದು ಅಭ್ಯಾಸವಾಗಿಬಿಟ್ಟಿದೆ. ಮೈಕಿಲ್ಲ ಎಂದಾಗ ಮೊದಲ ಮೂರು ನಾಲ್ಕು ತಿಂಗಳು ಕಲಾವಿದರ ಮುಖ ಸಣ್ಣದಾಗುತ್ತಿತ್ತು. ಒಬ್ಬರು ವೀಣೆಯವರಂತೂ, "ಅಮ್ಮಾ, ವೀಣೆ ಮೂರನೆಯ ಸಾಲಿಗೆ ಕೇಳಿಸುವುದಿಲ್ಲ" ಎಂದರು. ನಮ್ಮಲ್ಲಿ ಸಾಲುಗಳೇ ಇಲ್ಲ, ಬಂದು ನೋಡಿ ಎಂದೆ. ಬಂದರು. ಮೊದಲ ಹತ್ತು ನಿಮಿಷ ತಂತಿಯನ್ನು ಗಟ್ಟಿಯಾಗಿ ಮೀಟಿದರು. ಆಮೇಲೆ ಯಾರೂ ಕೆಮ್ಮುತ್ತಿಲ್ಲವೆಂದು ಗೊತ್ತಾದಾಗ ಬೆರಳು ತಾನಾಗಿ ಹಗುರವಾಯಿತು. ಗಮಕದ ಕೊನೆಯ ಎಳೆ, ತಂತಿಯನ್ನು ಎಳೆದು ಹಿಡಿದಾಗ ನಾದ ಕರಗುತ್ತಾ ಹೋಗುವ ಆ ಕ್ಷಣ, ಧ್ವನಿಪೆಟ್ಟಿಗೆಯಲ್ಲಿ ನಾನು ಎಂದೂ ಕೇಳಿರಲಿಲ್ಲ.

ಆದರೆ ಮೈಕು ಹೋದ ಮೇಲೆ ಮನೆಯ ಸದ್ದುಗಳೆಲ್ಲ ಎದ್ದು ಬಂದವು. ಅಲ್ಲಿಯವರೆಗೆ ಅವು ಇದ್ದವೆಂದೇ ನಮಗೆ ತಿಳಿದಿರಲಿಲ್ಲ. ಫ್ಯಾನು ಕಟಕಟ ಅನ್ನುತ್ತಿತ್ತು, ಗೋಡೆ ಗಡಿಯಾರ ತನ್ನದೇ ತಾಳ ಹಾಕುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಅಡುಗೆಮನೆಯ ಫ್ರಿಜ್ಜು. ಒಂದು ಸಂಜೆ ಗಾಯಕಿ ತಂಬೂರಿ ಶ್ರುತಿ ಮಾಡುತ್ತಾ ಮಾಡುತ್ತಾ ಮುಖ ಕಿವುಚಿದಳು. "ಎಲ್ಲೋ ಏನೋ ಅಪಶ್ರುತಿ ಕೇಳಿಸುತ್ತಿದೆ ಆಂಟಿ" ಎಂದಳು. ಎಲ್ಲ ಕಡೆ ಹುಡುಕಿ ಕೊನೆಗೆ ಫ್ರಿಜ್ಜಿನ ಮುಂದೆ ನಿಂತೆವು. ಇಂಜಿನಿಯರಾದ ನನ್ನ ತಂಗಿಯ ಮಗ ಅದಕ್ಕೆ ಕಾರಣ ಹೇಳಿದ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಅದರಿಂದ ಯಂತ್ರಗಳಲ್ಲಿ ಹುಟ್ಟುವ ಗುಂಯ್‌ ಸದ್ದು ಅದರ ಎರಡರಷ್ಟು, ಅಂದರೆ 100 ಹರ್ಟ್ಜ್. ಹಾರ್ಮೋನಿಯಂನ ಲೆಕ್ಕದಲ್ಲಿ ಅದು ಐದನೆಯ ಬಿಳಿ ಮನೆಗಿಂತ ಕೂದಲೆಳೆ ಮೇಲೆ, ಅದರ ಪಕ್ಕದ ಕರಿ ಮನೆಯಾದ ಐದೂವರೆಗಿಂತ ಕೆಳಗೆ ಬೀಳುತ್ತದೆ. ಹೆಣ್ಣುಮಕ್ಕಳು ಹೆಚ್ಚಾಗಿ ಹಾಡುವುದು ಐದಕ್ಕೋ ಐದೂವರೆಗೋ. ಶ್ರುತಿಯ ಮಗ್ಗುಲಲ್ಲೇ ಕುಳಿತು ಚಿವುಟುವ ಇಂಥ ವೈರಿ ಇನ್ನೊಂದಿಲ್ಲ. ಅಂದಿನಿಂದ ಐದು ಇಪ್ಪತ್ತಕ್ಕೆ ಫ್ರಿಜ್ ಆರಿಸುತ್ತೇವೆ. ಗಡಿಯಾರದ ಸೆಲ್ ತೆಗೆದಿಡುತ್ತೇವೆ. ಫ್ಯಾನನ್ನು ಬೇಸಿಗೆಯಲ್ಲಿ ಕೃತಿಗಳ ನಡುವೆ ಮಾತ್ರ ಹಾಕುತ್ತೇವೆ. ಮೇ ತಿಂಗಳಲ್ಲಿ ಬಂದವರು ಬೆವರುತ್ತಾರೆ, ಬೈಯುತ್ತಾರೆ, ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಇನ್ನೊಂದು ತೊಡಕು ಮೃದಂಗದ್ದು. ಗಾರೆಯ ನೆಲ ಸದ್ದನ್ನು ಎತ್ತಿ ಎಸೆಯುತ್ತದೆ. ವೀಣೆ, ಪಿಟೀಲುಗಳನ್ನು ಮೃದಂಗ ನುಂಗಿಹಾಕುತ್ತಿತ್ತು. ವಾದಕರಿಗೆ ಮೆಲ್ಲಗೆ ನುಡಿಸಿ ಎನ್ನುವುದು ಅಡುಗೆಯವರಿಗೆ ಉಪ್ಪು ಕಡಿಮೆ ಹಾಕಿ ಎಂದ ಹಾಗೆ, ಮನಸ್ಸಿಗೆ ತಾಗುತ್ತದೆ. ಹೇಳುವುದನ್ನು ಬಿಟ್ಟು ಅವರ ಕೆಳಗೆ ಎರಡು ಜಮಖಾನ ಹಾಸಿದೆ, ಬೆನ್ನ ಹಿಂದೆ ದಪ್ಪ ಪರದೆ ಇಳಿಬಿಟ್ಟೆ, ಕೂರುವ ಜಾಗವನ್ನು ಎರಡು ಅಡಿ ಹಿಂದಕ್ಕೆ ಸರಿಸಿದೆ. ಸರಿಹೋಯಿತು. ಮಳೆಗಾಲದಲ್ಲಿ ಅವರು ಮುಕ್ಕಾಲು ಗಂಟೆ ಮೊದಲೇ ಬರುತ್ತಾರೆ. ತೇವಕ್ಕೆ ಚರ್ಮ ಸಡಿಲವಾಗುತ್ತದೆ, ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರಬೇಕು. ಎಡಭಾಗಕ್ಕೆ ಮೆತ್ತಲು ರವೆ ಬೇಕು. ಒಮ್ಮೆ ಅವರು ರವೆ ಮರೆತು ಬಂದಿದ್ದರು. ಅಡುಗೆಮನೆಯಲ್ಲಿದ್ದದ್ದು ದಪ್ಪ ಬನ್ಸಿ ರವೆ, ಹತ್ತಿರದ ಅಂಗಡಿಗೆ ಓಡಿ ಚಿರೋಟಿ ರವೆ ತಂದೆವು. ಅಂದಿನಿಂದ ಒಂದು ಡಬ್ಬಿ ಚಿರೋಟಿ ರವೆ ಸಂಗೀತದ ಹೆಸರಿನಲ್ಲಿ ಬೇರೆಯೇ ಇರುತ್ತದೆ, ಅದರಲ್ಲಿ ಉಪ್ಪಿಟ್ಟು ಮಾಡುವಂತಿಲ್ಲ.

ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದೊಡನೆ ಜನ ಏಳುವುದು ನಮ್ಮೂರ ಸಭೆಗಳ ಹಳೆಯ ರೋಗ. ನಮ್ಮ ಹಜಾರದಲ್ಲೂ ಏಳುತ್ತಿದ್ದರು. ಅರಸಿಕರೆಂದು ಮೊದಲು ಸಿಟ್ಟಾಗಿದ್ದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಸರಿಯಾಗಿ ಅದೇ ಹೊತ್ತಿಗೆ ಒಳಗೆ ಡಿಕಾಕ್ಷನ್ ಇಳಿದು ಹಾಲು ಕಾಯುತ್ತಿತ್ತು, ಕಾಫಿಯ ವಾಸನೆ ಹಜಾರಕ್ಕೆ ಬರುತ್ತಿತ್ತು. ಆ ಪರಿಮಳದ ಎದುರು ತನಿಯ ಕೊನೆಯಲ್ಲಿ ಲೆಕ್ಕ ಹಾಕಿ ನುಡಿಸುವ ಯಾವ ಕೋರ್ವೆ ನಿಲ್ಲುತ್ತದೆ ಹೇಳಿ? ಈಗ ಕಚೇರಿಯ ಕೊನೆಯ ಹಾಡಾದ ಮಂಗಳ ಹಾಡುವವರೆಗೆ ಒಲೆ ಹಚ್ಚುವುದಿಲ್ಲ. ಹಾಲು ಕಾಯುವ ಆ ಹತ್ತು ನಿಮಿಷದಲ್ಲಿ ಜನ ಕಲಾವಿದರ ಸುತ್ತ ಕುಳಿತು ಮಾತಾಡುತ್ತಾರೆ. ಕಚೇರಿಗಿಂತ ಆ ಹತ್ತು ನಿಮಿಷಕ್ಕೇ ಬರುವವರೂ ಇದ್ದಾರೆ. ಎದುರು ಮನೆಯ ಅಜ್ಜಿಯೊಬ್ಬರು ತಮ್ಮ ಬಾಲ್ಯದಲ್ಲಿ ಕೇಳಿದ ದೇವರನಾಮದ ಧಾಟಿಯನ್ನು ಒಬ್ಬ ಹುಡುಗನಿಗೆ ಅಲ್ಲಿಯೇ ಹೇಳಿಕೊಟ್ಟರು. ಮುಂದಿನ ವರ್ಷ ಅವನು ಅದನ್ನೇ ಹಾಡಿದ. ಅಜ್ಜಿ ಮೂರು ಕಡೆ ತಿದ್ದಿದರು.

ಹಣದ ವಿಷಯ. ಟಿಕೆಟ್ ಇಲ್ಲ. ಬಾಗಿಲ ಪಕ್ಕ ಹಿತ್ತಾಳೆಯ ಕೊಳಗವೊಂದನ್ನು ಇಟ್ಟಿದ್ದೇವೆ, ಹಾಕಿದವರು ಹಾಕುತ್ತಾರೆ. ಬಡಾವಣೆಯ ಇಪ್ಪತ್ತಾರು ಮನೆಗಳು ವರ್ಷಕ್ಕೊಮ್ಮೆ ಇಂತಿಷ್ಟೆಂದು ಕೊಡುತ್ತವೆ. ಸಂಭಾವನೆಯನ್ನು ಮುಖ್ಯ ಕಲಾವಿದರ ಕೈಗೆ ಒಟ್ಟಿಗೆ ಕೊಟ್ಟು ಹಂಚಿಕೊಳ್ಳಿ ಎನ್ನುವ ರೂಢಿಯನ್ನು ಎರಡನೆಯ ವರ್ಷವೇ ನಿಲ್ಲಿಸಿದೆ. ಪಕ್ಕವಾದ್ಯದವರಿಗೆ ತಲುಪಿದ್ದು ಎಷ್ಟೆಂದು ಒಮ್ಮೆ ಅಕಸ್ಮಾತ್ತಾಗಿ ತಿಳಿದು ನನಗೇ ನಾಚಿಕೆಯಾಯಿತು. ಈಗ ಪ್ರತಿಯೊಬ್ಬರ ಹಣವೂ ಅಂದಿನ ಮಧ್ಯಾಹ್ನವೇ ಅವರವರ ಮೊಬೈಲಿಗೆ ಹೋಗುತ್ತದೆ. ಘಟದವರಿಗೆ ಆಟೋ ಬಾಡಿಗೆ ಬೇರೆ, ಮಣ್ಣಿನ ವಾದ್ಯವನ್ನು ಬಸ್ಸಿನಲ್ಲಿ ತನ್ನಿ ಎನ್ನಲಾಗುವುದಿಲ್ಲ. ಕಚೇರಿ ಮುಗಿದ ಮೇಲೆ ಹೂವು, ತೆಂಗಿನಕಾಯಿ, ಎಲೆ ಅಡಿಕೆ. ಶಾಲು ಇಲ್ಲವೇ ಇಲ್ಲ. ಯಾವ ಕಲಾವಿದರ ಮನೆಗೆ ಹೋದರೂ ಬೀರುವಿನಲ್ಲಿ ಶಾಲುಗಳ ರಾಶಿ ನೋಡಿದ್ದೇನೆ. ಕಳೆದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತೊಂದು ರೂಪಾಯಿ ಕಲಾವಿದರಿಗೆ ಹೋಗಿತ್ತು.

ಕ್ಯಾಲೆಂಡರ್ ಹಾಕುವುದನ್ನು ಕಲಿಯಲು ಮೂರು ವರ್ಷ ಹಿಡಿಯಿತು. ರಾಮನವಮಿಯ ತಿಂಗಳು ನಾವು ಬಾಗಿಲು ಮುಚ್ಚುತ್ತೇವೆ. ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ, ಸಂಗೀತ ಇರುವಾಗ ಇದು ಬೇಡ. ಗಣೇಶನ ಹಬ್ಬದ ಮುಂದಿನ ವಾರಗಳೂ ಬೇಡ, ಮೈಕಿಲ್ಲದ ವೀಣೆಗೂ ಬೀದಿಯ ವಾದ್ಯಗೋಷ್ಠಿಗೂ ಸ್ಪರ್ಧೆಯೇ? ಡಿಸೆಂಬರಿನಲ್ಲಿ ಒಳ್ಳೆಯ ಪಿಟೀಲಿನವರೆಲ್ಲ ಚೆನ್ನೈಯಲ್ಲಿರುತ್ತಾರೆ. ಆಷಾಢ ನಮಗೆ ಸುಗ್ಗಿ. ಮದುವೆಗಳಿಲ್ಲ, ಆರತಕ್ಷತೆಗಳಲ್ಲಿ ನುಡಿಸುವವರಿಗೆಲ್ಲ ಬಿಡುವು, ಕೇಳಿದ ದಿನ ಸಿಗುತ್ತಾರೆ. ಕಡಲೆಕಾಯಿ ಪರಿಷೆಯನ್ನು ಮಾತ್ರ ಒಮ್ಮೆ ಮರೆತಿದ್ದೆ. ಪರಿಷೆ ಕಾರ್ತಿಕದ ಕಡೆಯ ಸೋಮವಾರ, ನಮ್ಮ ಶನಿವಾರ ಅದಕ್ಕೆ ಎರಡೇ ದಿನ ಹಿಂದೆ ಬಿದ್ದಿತ್ತು. ಅಷ್ಟರಲ್ಲೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಯಲ್ಲಿ ಕಡಲೆಕಾಯಿಯ ರಾಶಿ ಬಂದಿತ್ತು, ಆಟೋ ಅಲ್ಲಾಡಲಿಲ್ಲ. ಘಟದವರು ವಾದ್ಯವನ್ನು ತಲೆಯ ಮೇಲೆ ಹೊತ್ತು ನಡೆದು ಬಂದರು. ದಾರಿಯಲ್ಲಿ ಒಬ್ಬ ಹೆಂಗಸು ಮಡಕೆ ಎಷ್ಟಕ್ಕೆ ಎಂದು ಕೇಳಿದರಂತೆ. ಅವರು ಅದನ್ನು ಕಚೇರಿಯ ನಡುವೆ ಹೇಳಿ ಎಲ್ಲರನ್ನೂ ನಗಿಸಿದರು. ಕೈಯಲ್ಲಿ ಒಂದು ಸೇರು ಹುರಿದ ಕಾಯಿಯ ಪೊಟ್ಟಣವೂ ಇತ್ತು.

2017ರ ಜೂನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಈ ಕಡೆಗೂ ಓಡತೊಡಗಿ ನ್ಯಾಷನಲ್ ಕಾಲೇಜು ನಿಲ್ದಾಣ ತೆರೆದ ಮೇಲೆ ರಾಜಾಜಿನಗರದಿಂದಲೂ ಜನ ಬರತೊಡಗಿದರು. ಬೀದಿಯಲ್ಲಿ ಕಾರು ನಿಲ್ಲಿಸುವ ಜಗಳ ತಾನಾಗಿ ಕಡಿಮೆಯಾಯಿತು. 2020ರ ಮಾರ್ಚ್ 14ರ ಕಚೇರಿಯನ್ನು ಹಿಂದಿನ ಸಂಜೆ ರದ್ದು ಮಾಡಿದೆವು, ರಾಜ್ಯದಲ್ಲಿ ಸಮಾರಂಭಗಳನ್ನೆಲ್ಲ ನಿಲ್ಲಿಸಲು ಸರ್ಕಾರ ಹೇಳಿದ್ದು ಅಂದೇ. ನಡುವೆ ಮೊಬೈಲಿನಲ್ಲಿ ಎರಡು ಬಾರಿ ಪ್ರಯತ್ನಿಸಿದೆವು. ತಾಳ ಒಂದು ಕಡೆ, ಹಾಡು ಒಂದು ಕಡೆ. ಬೇಡವೆಂದು ಬಿಟ್ಟು, 2022ರಲ್ಲಿ ಮತ್ತೆ ಜಮಖಾನ ಹಾಸಿದೆವು. ಮೊದಲ ದಿನ ಬಂದವರು ಹನ್ನೆರಡು ಜನ. ಗೋಡೆ ಪಕ್ಕದ ಹತ್ತು ಕುರ್ಚಿಗಳಲ್ಲಿ ಎರಡರ ಮೇಲೆ ಕೂರುತ್ತಿದ್ದವರು ಇನ್ನು ಬರುವಂತಿರಲಿಲ್ಲ. ಆ ಎರಡು ಕುರ್ಚಿಗಳನ್ನು ಅಂದು ಹಾಕಲು ಯಾರಿಗೂ ಕೈ ಬರಲಿಲ್ಲ.

ಫ್ರಿಜ್ಜಿನ ಕಥೆ ಒಂದು ಬಾಕಿ ಇದೆ. ಆರಿಸುವುದು ಸುಲಭ, ಮತ್ತೆ ಹಾಕುವುದನ್ನು ನೆನಪಿಡುವುದು ಕಷ್ಟ. ಒಂದು ಮೇ ತಿಂಗಳ ಶನಿವಾರ ಎಲ್ಲರನ್ನೂ ಬೀಳ್ಕೊಟ್ಟು, ಕಲ್ಯಾಣಿ ರಾಗದ ಗುಂಗಿನಲ್ಲೇ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ದೋಸೆ ಹಿಟ್ಟು ಉಕ್ಕಿ ಹರಿದಿತ್ತು, ಹಾಲು ಒಡೆದಿತ್ತು, ಯಜಮಾನರು ಕಾಫಿಗಾಗಿ ಗಾಂಧಿಬಜಾರಿನವರೆಗೆ ನಡೆದು ಹೋಗಿದ್ದರು. ಚೀಟಿ ಅಂಟಿಸಿದೆ, ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ಅಲಾರಾಂ ಮಂಗಳದ ನಡುವೆ ಹೊಡೆದುಕೊಂಡು ಮಾನ ಹೋಯಿತು. ಈಗ ಕಲಾವಿದರಿಗೆ ಕೊಡುವ ಮಲ್ಲಿಗೆಯ ದಂಡೆಗಳನ್ನು ಬಾಳೆಎಲೆಯಲ್ಲಿ ಸುತ್ತಿ ಫ್ರಿಜ್ಜಿನೊಳಗೇ ಇಡುತ್ತೇನೆ. ಮಂಗಳ ಮುಗಿದೊಡನೆ ಹೂವಿಗೆ ಬಾಗಿಲು ತೆರೆಯಲೇಬೇಕು. ಒಳಗಿನ ದೀಪ ಹತ್ತದಿದ್ದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.