ಕಟಾನದ ಹಿಡಿಗೆ ಅನ್ನದ ಅಂಟು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇರುವ ಕತ್ತಿಗಳಲ್ಲಿ ಒಂದೂ ಜಪಾನಿನದ್ದಲ್ಲ. ಎಲ್ಲವೂ ಚೀನಾದ ಲಾಂಗ್‌ಚ್ವಾನ್ ಕಡೆಯ ನಕಲು ಕಟಾನಗಳು, ಅಂದರೆ ಜಪಾನೀ ಮಾದರಿಯ ಬಾಗಿದ ಉದ್ದ ಕತ್ತಿಗಳು. ಅಸಲಿಗೆ ದುಡ್ಡು ಹಾಕುವ ತಾಕತ್ತಿಲ್ಲ. ಇದ್ದರೂ ಅದರಲ್ಲಿ ಅಭ್ಯಾಸಕ್ಕೆಂದು ಸುತ್ತಿದ ಒದ್ದೆ ಚಾಪೆ ಕಡಿಯುವ ಧೈರ್ಯ ಬರುತ್ತಿರಲಿಲ್ಲ. ಒಹಾಯೊದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಈಗ 11 ಇವೆ. ಬಂದು ಹೋದವು ಇನ್ನೊಂದು 30 ಇರಬಹುದು, ಸರಿಯಾಗಿ ಲೆಕ್ಕ ಇಟ್ಟಿಲ್ಲ.

ಇದನ್ನು ಬರೆಯಲು ಕಾರಣ ಒಂದೇ. ಸಡಿಲವಾದ ತ್ಸುಕಾವನ್ನು, ಅಂದರೆ ಕತ್ತಿಯ ಹಿಡಿಯನ್ನು, ಅನ್ನದ ಅಂಟು, ಮರದ ಚಕ್ಕೆ ಹಾಕಿ ಬಿಗಿ ಮಾಡಬಹುದು ಎಂದು ಹೇಳಿದಾಗ ನಕ್ಕವರು ಬಹಳ. "ಮಾರಾಯ, ಅನ್ನ ಕಲಸಿ ಕತ್ತಿ ರಿಪೇರಿ ಮಾಡ್ತೀಯಾ? ಸಾರೂ ಹಾಕ್ತೀಯಾ?" ಎಂದವನೂ ಒಬ್ಬ ಇದ್ದಾನೆ. ಹಾಗೆ ರಿಪೇರಿ ಮಾಡಿದ ಕತ್ತಿಯಲ್ಲಿ ಹೋದ ಬೇಸಿಗೆಯಿಂದ ಇಲ್ಲಿಯವರೆಗೆ ಸುಮಾರು 400 ಸಲ ಕಡಿದಿದ್ದೇನೆ. ಹಿಡಿ ಕೂದಲೆಳೆಯಷ್ಟೂ ಅಲುಗಿಲ್ಲ.

ಹಿಡಿಯ ಹುಚ್ಚು ಹತ್ತಿದ್ದು ಮೊದಲ ಕತ್ತಿಯಿಂದಲೇ. 2017ರಲ್ಲಿ ಇರಬೇಕು, 190 ಡಾಲರ್ ಕೊಟ್ಟು ತರಿಸಿದ್ದೆ. ಟಿ10 ಉಕ್ಕು, ಮಣ್ಣು ಮೆತ್ತಿ ಹದ ಕೊಟ್ಟದ್ದು, ಅಸಲಿ ಹಾಮೊನ್ (ಆ ಹದದಿಂದ ಅಲಗಿನ ಮೇಲೆ ಮೂಡುವ ಅಲೆಯಂಥ ಗೆರೆ) ಎಂದೆಲ್ಲ ಹೇಳಿದ್ದರು. ಅಕ್ಟೋಬರ್‌ನಲ್ಲಿ ಹಿತ್ತಲಲ್ಲಿ ನೀರು ತುಂಬಿದ ಬಾಟಲಿಗಳನ್ನು ಸಾಲಾಗಿ ಇಟ್ಟು ಕಡಿಯುತ್ತಿದ್ದೆ. ಏಳನೆಯದೋ ಎಂಟನೆಯದೋ ಬಾಟಲಿಗೆ ಬೀಸಿದಾಗ ಟಕ್ ಎಂದು ಸದ್ದಾಯಿತು. ಬಾಟಲಿ ಚೆನ್ನಾಗಿಯೇ ಕಡಿದಿತ್ತು. ಸದ್ದು ಬಂದಿದ್ದು ನನ್ನ ಅಂಗೈಯೊಳಗಿಂದ.

ಒಳಗೆ ಹೋಗಿ ಬಿಚ್ಚಿದೆ. ಮೇಲಿನ ಮೆಕುಗಿ, ಅಂದರೆ ಅಲಗು ಕಳಚದಂತೆ ಹಿಡಿಗೆ ಅಡ್ಡಲಾಗಿ ಹೊಡೆಯುವ ಬಿದಿರಿನ ಗೂಟ, ತಗಡಿನಷ್ಟು ಚಪ್ಪಟೆಯಾಗಿತ್ತು. ಕೆಳಗಿನ ಮೆಕುಗಿ ಸಲೀಸಾಗಿ ಬಂತು, ಯಾಕೆಂದರೆ ನಕಾಗೊ (ಹಿಡಿಯೊಳಗೆ ಹೋಗುವ ಅಲಗಿನ ಬಾಲ) ಅಲ್ಲಿಯವರೆಗೆ ಬಂದೇ ಇರಲಿಲ್ಲ! ಹಿಡಿ 11 ಇಂಚು, ಒಳಗಿನ ಉಕ್ಕು 6 ಇಂಚು. ಎರಡನೇ ಮೆಕುಗಿ ಬರೀ ಮರಕ್ಕೆ ಹೊಡೆದ ಅಲಂಕಾರ. ನಕಾಗೊ ಕೂರುವ ಸಂದಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ಸಡಿಲ ಮುಚ್ಚಲು ಮಡಚಿದ ಕಾಗದ ತುರುಕಿದ್ದರು. ಮರ ಮೆಕುಗಿ ತೂತಿನಿಂದ ಉದ್ದಕ್ಕೆ ಸೀಳಿತ್ತು. ಇನ್ನೊಂದು ನಾಲ್ಕು ಏಟಿಗೆ ಅಲಗು ಪಕ್ಕದ ಮನೆಯವರ ಬೇಲಿ ದಾಟುತ್ತಿತ್ತು. ಹಾಮೊನ್ ಕೂಡ ಸುಳ್ಳು. ಲೋಹ ಉಜ್ಜುವ ಪಾಲಿಶ್ ಹಾಕಿ ಐದು ನಿಮಿಷ ತಿಕ್ಕಿದೆ, ಅಲೆ ಅಳಿಸಿಹೋಯಿತು. ಆದರೆ ಹಾಮೊನ್ ಸುಳ್ಳಾದರೆ ಯಾರಿಗೂ ಗಾಯ ಆಗುವುದಿಲ್ಲ.

ಕೊಂಡ ಕತ್ತಿಗಳ ರಿವ್ಯೂ ಬರೆಯುತ್ತೇನೆ, ಅವತ್ತಿನಿಂದ ಅದರ ಕ್ರಮ ಬದಲಾಯಿತು. ಕತ್ತಿ ಬಂದ ದಿನ ಕಡಿಯುವುದಿಲ್ಲ. ಮೊದಲು ಹಿಡಿ ಬಿಚ್ಚುತ್ತೇನೆ. 10 ಅಂಕದಲ್ಲಿ 5 ಹಿಡಿಗೆ, 2 ಸಾಯಾಗೆ (ಒರೆಗೆ), 2 ಅಲಗಿಗೆ, 1 ನೋಟಕ್ಕೆ. "ಅಲಗಿಗೆ ಎರಡೇನಾ?" ಎಂದು ಕೇಳುವವರು ಈಗಲೂ ಇದ್ದಾರೆ. 200 ಡಾಲರ್ ದರದಲ್ಲಿ 1060, 9260 ಎಂಬ ನಂಬರಿನ ಉಕ್ಕಿನ ಅಲಗುಗಳೆಲ್ಲ ಹೆಚ್ಚುಕಡಿಮೆ ಒಂದೇ. ನೆಟ್ಟಗಿದೆಯಾ, ಬಾಯಿ ಮೊನೆಯವರೆಗೆ ಹರಿತ ಇದೆಯಾ, ಅಷ್ಟು ನೋಡಿದರೆ ಸಾಕು. ಉಳಿದ ಕಥೆಯೆಲ್ಲ ಹಿಡಿಗೆ ಸುತ್ತಿದ ದಾರದ ಕೆಳಗೆ ಇರುತ್ತದೆ.

ಒಬ್ಬ ಮಾರಾಟಗಾರ ರಿವ್ಯೂಗೆಂದು ಪುಕ್ಕಟೆ ಕತ್ತಿ ಕಳಿಸಿದ್ದ. ತ್ಸುಕಾ ಒಳಗಿನ ಫೋಟೋ ಸಮೇತ 10ಕ್ಕೆ 4 ಕೊಟ್ಟೆ. ಅಲ್ಲಿಗೆ ಪುಕ್ಕಟೆ ಕತ್ತಿ ನಿಂತಿತು. ಆಮೇಲೆ ಬೇರೆಯವರೂ ಕಳಿಸಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ತಪ್ಪು ಕಂಡುಹಿಡಿಯುವುದು ಸುಲಭ, ಸರಿಮಾಡುವುದು ಕಷ್ಟ. ಮೊದಲು ಎಪಾಕ್ಸಿ ಅಂಟು ಹಾಕಿದೆ. ಎರಡು ಟ್ಯೂಬ್ ಕಲಸಿ ಹಿಡಿಯೊಳಗೆ ಸುರಿದು ನಕಾಗೊ ಒತ್ತಿದೆ. ಕಲ್ಲಿನ ಹಾಗೆ ಕೂತಿತು. ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಮೂರು ತಿಂಗಳಿಗೆ ತ್ಸುಬಾ (ಹಿಡಿಗೂ ಅಲಗಿಗೂ ನಡುವಿನ ಕೈಕಾಪು ಬಿಲ್ಲೆ) ಗಲಗಲ ಅನ್ನತೊಡಗಿತು. ಅದರ ಪಕ್ಕ ಕೂರುವ ಸೆಪ್ಪಾ ಎಂಬ ವಾಷರ್ ಒಂದನ್ನು ಬದಲಿಸಿದರೆ ಆಗುವ ಕೆಲಸ. ಆದರೆ ಹಿಡಿ ಬಿಚ್ಚುವುದು ಹೇಗೆ? ಕೊನೆಗೆ ಗರಗಸ ಹಾಕಿ ಸೀಳಿದೆ. ನಕಾಗೊ ಮೇಲೆ ಗೀರು, ಕೈಮೇಲೆ ಗೀರು. 140 ಡಾಲರ್‌ನ ಕತ್ತಿಯನ್ನು "ಕೆಲಸ ಬಾಕಿ ಇದೆ" ಎಂದು ಹೇಳಿ 60ಕ್ಕೆ ಕೊಟ್ಟೆ.

ಆಮೇಲೆ ಹಿತ್ತಾಳೆ ತಗಡು ಹಾಕಿದೆ. ಅದು ಮರವನ್ನು ತಿಂದು ತಾನೇ ಇನ್ನಷ್ಟು ಸಡಿಲ ಮಾಡಿತು. ಚರ್ಮದ ಪಟ್ಟಿ ಒಂದು ವಾರ ಗಟ್ಟಿ ಇತ್ತು, ಆಮೇಲೆ ಅದುಮಿಹೋಯಿತು. ಬಟ್ಟೆ ತೇವ ಹಿಡಿದು ತುಕ್ಕು ಬರಿಸಿತು. ಮೊದಲ ಎರಡು ವರ್ಷದಲ್ಲಿ 9 ಕತ್ತಿ, ಸುಮಾರು 2,600 ಡಾಲರ್. ಅದರಲ್ಲಿ ಆರನ್ನು ನಷ್ಟಕ್ಕೆ ಮಾರಿದೆ. "ರೀ, ಇದು ಹವ್ಯಾಸಾನಾ, ಸಾಲಾನಾ?" ಎಂದು ಮನೆಯವಳು ಕೇಳಿದ್ದು ಆಗಲೇ.

ಅನ್ನದ ಯೋಚನೆ ಬಂದಿದ್ದು ಸಾಯಾದಿಂದ. ಜಪಾನಿನ ಒರೆ ಮಾಡುವವರು ಹೊನೊಕಿ ಮರದ ಎರಡು ಹೋಳುಗಳನ್ನು ಅನ್ನದ ಅಂಟಿನಿಂದಲೇ ಕೂಡಿಸುತ್ತಾರೆ. ಮುಂದೆ ಎಂದಾದರೂ ಒಳಗೆ ಕಸ ಸೇರಿದರೆ, ತುಕ್ಕು ಹತ್ತಿದರೆ, ಮರಕ್ಕೆ ಪೆಟ್ಟಾಗದಂತೆ ಸೀಳಿ ತೆಗೆಯಬಹುದು ಎನ್ನುವ ಲೆಕ್ಕ. ನನಗೆ ಬೇಕಾಗಿದ್ದೂ ಇದೇ ಅಲ್ವಾ? ಕೆಲಸ ಮಾಡುವಾಗ ಹಿಡಿಯಬೇಕು, ಬೇಕೆಂದಾಗ ಬಿಡಬೇಕು. ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಅನ್ನದ ಅಗುಳು ಉಜ್ಜಿ ಅಂಟಿಸುತ್ತಿದ್ದ ಕೈಗೆ ಇದು ಹೊಸದೇನಲ್ಲ ಅಂದುಕೊಂಡೆ.

ಆದರೆ ಯಾವ ಅಕ್ಕಿ? ಇಲ್ಲಿ ಒಂದು ತಿಂಗಳು ಹೋಯಿತು. ಮೊದಲು ಮನೆಯಲ್ಲಿದ್ದ ಸೋನಾ ಮಸೂರಿ, ಹಿಂದಿನ ದಿನದ ಅನ್ನ. ಮಣೆಯ ಮೇಲೆ ಹಾಕಿ ಅಗುಳು ಕಾಣದ ಹಾಗೆ ಅರೆದು ಎರಡು ಮರದ ತುಂಡು ಅಂಟಿಸಿದೆ. ಒಣಗಿದ ಮೇಲೆ ಕೈಯಲ್ಲೇ ಬಿಡಿಸಿಕೊಂಡಿತು. ಬಾಸುಮತಿ ಇನ್ನೂ ಕಡೆ, ಅದು ಬಿರಿಯಾನಿಗಷ್ಟೇ. ಸಿನಿಮಾ ಪೋಸ್ಟರ್ ಅಂಟಿಸುವ ಹಾಗೆ ಮೈದಾ ಕುದಿಸಿ ನೋಡಿದೆ. ಹಿಡಿತ ಚೆನ್ನಾಗಿತ್ತು, ಆದರೆ ಜುಲೈ ಸೆಕೆಗೆ ಬೇಸ್‌ಮೆಂಟಿನಲ್ಲಿ ಹುಳ ಬಂತು, ಮುಗ್ಗಲು ವಾಸನೆಯೂ ಬಂತು. ಕೊನೆಗೆ ಸುಶಿಗೆ ಬಳಸುವ ಗಿಡ್ಡ ಅಕ್ಕಿ ತಂದೆ. ಅದೇ ತುಂಡುಗಳನ್ನು ಅಂಟಿಸಿ ಒಣಗಿಸಿ ಸುತ್ತಿಗೆಯಿಂದ ಹೊಡೆದಾಗ ಅಂಟು ಬಿಡಲಿಲ್ಲ, ಪಕ್ಕದ ಮರ ಎದ್ದು ಬಂತು. ಉಳಿದ ಅನ್ನಕ್ಕೆ ಮೊಸರು ಹಾಕಿ ತಿಂದೆ. ಮೊಸರನ್ನಕ್ಕೆ ಸುಶಿ ಅಕ್ಕಿ ಚೆನ್ನಾಗಿರುತ್ತದೆ, ಒಮ್ಮೆ ನೋಡಿ.

ಇನ್ನು ಚಕ್ಕೆ ಎಲ್ಲಿ ಹಾಕಬೇಕು? ಹಿಡಿಯೊಳಗೆ ಕಣ್ಣು ಹೋಗುವುದಿಲ್ಲ. ಇದಕ್ಕೆ ನಾನು ಬಳಸಿದ್ದು ಕಾಡಿಗೆ. ನಕಾಗೊವನ್ನು ಸ್ಪಿರಿಟ್‌ನಿಂದ ಒರೆಸಿ, ಕಾಡಿಗೆಯನ್ನು ತೆಳ್ಳಗೆ ಸವರಿ, ಹಿಡಿಯೊಳಗೆ ತೂರಿಸಿ, ಕಶಿರಾ (ಹಿಡಿಯ ತುದಿಯ ಟೊಪ್ಪಿಗೆ) ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ ಹೊರಗೆಳೆಯುತ್ತೇನೆ. ಉಕ್ಕಿನ ಮೇಲೆ ಕಾಡಿಗೆ ಎಲ್ಲಿ ಅಳಿಸಿದೆಯೋ ಅಲ್ಲಿ ಮರ ತಾಗಿದೆ. ಎಲ್ಲಿ ಹಾಗೇ ಹೊಳೆಯುತ್ತಿದೆಯೋ ಅಲ್ಲಿ ಗಾಳಿ. ಟಾರ್ಚ್ ಬಿಟ್ಟು ಒಳಗೆ ನೋಡಿದರೆ ಮರದ ಮೇಲೂ ಕರಿ ಗುರುತು ಕಾಣುತ್ತದೆ. ಮೊದಲ ಸಲ ನೋಡಿದಾಗ ಬೆಚ್ಚಿಬಿದ್ದೆ. "ಚೆನ್ನಾಗಿದೆ" ಎಂದು ನಾನೇ 8 ಅಂಕ ಕೊಟ್ಟಿದ್ದ ಹಿಡಿಯಲ್ಲಿ ನಕಾಗೊ ಮುಟ್ಟಿದ್ದು ಎರಡೇ ಕಡೆ, ಒಂದೊಂದು ರೂಪಾಯಿ ಅಗಲ. ಮಿಕ್ಕಿದ್ದೆಲ್ಲ ಮೆಕುಗಿಯ ಪುಣ್ಯ.

ಅರ್ಧ ಮಿಲಿಮೀಟರ್ ದಪ್ಪದ ಮೇಪಲ್ ಹಾಳೆ ಮರದ ಅಂಗಡಿಯಲ್ಲಿ ಸಿಗುತ್ತದೆ. 12 ಡಾಲರ್‌ನ ಹಾಳೆ ಹತ್ತು ಹಿಡಿಗೆ ಬರುತ್ತದೆ. ಬೇಕಾದದ್ದಕ್ಕಿಂತ ಉದ್ದ ಕತ್ತರಿಸಿ, ಅಂಟು ಸವರಿ, ಬಿದಿರು ಕಡ್ಡಿಯಿಂದ ಒಳಗೆ ತಳ್ಳಿ ಒತ್ತುತ್ತೇನೆ. ತುದಿ ಹೊರಗೇ ಚಾಚಿರಲಿ, ಒಣಗಿದ ಮೇಲೆ ಕತ್ತರಿಸಿದರೆ ಆಯಿತು. ಜಾಸ್ತಿ ಜನ ಚಪ್ಪಟೆ ಬದಿಗೆ ಚಕ್ಕೆ ಹಾಕುತ್ತಾರೆ. ನಾನು ಮೊದಲು ಅಲಗಿನ ಬೆನ್ನಿನ ಕಡೆ, ಹರಿತದ ಬಾಯಿಯ ಕಡೆ ನೋಡುತ್ತೇನೆ. ಕಡಿಯುವಾಗ ಏಟು ಬೀಳುವುದೇ ಆ ದಿಕ್ಕಿಗೆ. ಚಕ್ಕೆಯ ತುದಿಯನ್ನು ಎಷ್ಟು ಓರೆ ಸವರಬೇಕು ಎನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಾಗಲು ನನ್ನ ನಾಲ್ಕು ಹಿಡಿ ಹಾಳಾಗಿವೆ.

ಒಂದು ಎಚ್ಚರಿಕೆ. ಅಂಟು ಒಣಗುವವರೆಗೆ ನಕಾಗೊ ಒಳಗೆ ಹಾಕಬೇಡಿ. ಚೆನ್ನಾಗಿ ಒತ್ತಿರಲಿ ಎಂದು ನಾನು ಮೊದಲ ಸಲ ಹಸಿಯಲ್ಲೇ ತೂರಿಸಿಟ್ಟೆ. ಮೂರನೇ ದಿನ ತೆಗೆದರೆ ಕೆಂಪು ತುಕ್ಕು. ಅಸಲಿ ಕತ್ತಿಯಲ್ಲಿ ನಕಾಗೊ ಮೇಲಿನ ಹಳೆಯ ಕಪ್ಪು ತುಕ್ಕನ್ನು ಯಾರೂ ಮುಟ್ಟುವುದಿಲ್ಲ, ಅದನ್ನು ನೋಡಿಯೇ ವಯಸ್ಸು ಹೇಳುತ್ತಾರೆ. ನಮ್ಮ ನಕಲಿಗೆ ಆ ಗೌರವ ಇಲ್ಲ. ಉಜ್ಜಿ ತೆಗೆದೆ. ಈಗ ಮೂರು ದಿನ ಹಿಡಿಯನ್ನು ಬರಿದೇ ಒಣಗಿಸಿ, ಇನ್ನೊಮ್ಮೆ ಕಾಡಿಗೆ ಹಚ್ಚಿ ನೋಡಿ, ಉಬ್ಬಿದ ಕಡೆ ಅರ ಆಡಿಸಿ ಕೂರಿಸುತ್ತೇನೆ. ಮೆಕುಗಿ ಇಲ್ಲದೆ ಕತ್ತಿಯನ್ನು ನೆಟ್ಟಗೆ ಹಿಡಿದು ಆ ಕೈಯ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯಿಂದ ಗುದ್ದಿದಾಗ ನಾಲ್ಕೈದು ಗುದ್ದಿಗೆ ಅಲಗು ಏಳಬೇಕು. ಒಂದಕ್ಕೇ ಎದ್ದರೆ ಮತ್ತೆ ಅನ್ನಕ್ಕಿಡಿ.

ಮೆಕುಗಿಗೆ ಹೋಟೆಲಿನ ಚಾಪ್‌ಸ್ಟಿಕ್ ಸಾಕು ಎನ್ನುತ್ತಾರೆ. ಅದರಲ್ಲಿ ಎಷ್ಟೋ ಬಿದಿರೇ ಅಲ್ಲ, ಮೆತ್ತನೆ ಮರ. ನಾನು ಸ್ವೆಟರ್ ಹೆಣೆಯುವ ಬಿದಿರು ಕಡ್ಡಿ ತಂದು ಓರೆಯಾಗಿ ಹೆರೆಯುತ್ತೇನೆ. ಹಾಕುವ ಮೊದಲು ಒಂದು ಎಣ್ಣೆಯಲ್ಲಿ ನೆನೆಸುತ್ತೇನೆ. ಯಾವ ಎಣ್ಣೆ, ಎಷ್ಟು ದಿನ, ಅದು ನನ್ನ ಗುಟ್ಟು.

ಎಣ್ಣೆ ಅಂದಾಗ ನೆನಪಾಯಿತು. ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಾನು ಒಂದು ಚಳಿಗಾಲ ಹಚ್ಚಿದೆ. ಬೇಸ್‌ಮೆಂಟಿನ ಥಂಡಿಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಸಾಯಾ ಒಳಗೆಲ್ಲ ಮೆತ್ತಿಕೊಂಡಿತು, ವಸಂತ ಬಂದಾಗ ಕಮಟು ವಾಸನೆ. ಈಗ ಔಷಧಿ ಅಂಗಡಿಯ ಮಿನರಲ್ ಆಯಿಲ್‌ಗೆ ನಾಲ್ಕು ತೊಟ್ಟು ಲವಂಗದ ಎಣ್ಣೆ ಸೇರಿಸುತ್ತೇನೆ. ಚೋಜಿ ಎಣ್ಣೆ (ಜಪಾನೀ ಕತ್ತಿಗೆ ಹಚ್ಚುವ ಲವಂಗ ಬೆರೆತ ಎಣ್ಣೆ) ಎಂದು ಪುಟ್ಟ ಸೀಸೆಗೆ 10 ಡಾಲರ್ ಕೊಡುವ ಬದಲು ಅದೇ ದುಡ್ಡಿಗೆ ಎರಡು ವರ್ಷಕ್ಕಾಗುವಷ್ಟು ಆಗುತ್ತದೆ.

ಇನ್ನೊಂದು ಪೆಟ್ಟು ತಿಂದಿದ್ದು ಆಯುಧ ಪೂಜೆಯ ದಿನ. ಕಾರಿಗೆ, ಸ್ಕ್ರೂಡ್ರೈವರಿಗೆ ಪೂಜೆ ಮಾಡಿ ಕತ್ತಿಗೆ ಮಾಡದಿದ್ದರೆ ಹೇಗೆ? ನೀರಿನಲ್ಲಿ ಕಲಸಿದ ಕುಂಕುಮದ ಮೂರು ಬೊಟ್ಟನ್ನು ಅಲಗಿನ ಮೇಲೇ ಇಟ್ಟೆವು. ಮಾರನೇ ದಿನ ಸಂಜೆ ಒರೆಸಿದರೆ ಮೂರು ಕಂದು ಕಲೆ, ಮುಟ್ಟಿದರೆ ಗುಳಿ ಸಿಗುವಷ್ಟು. ಆ ಕತ್ತಿ ಈಗಲೂ ನನ್ನ ಹತ್ತಿರ ಇದೆ, ಯಾರೂ ಕೊಳ್ಳಲಿಲ್ಲ. ಈಗ ಬೊಟ್ಟು ಸಾಯಾಗೆ ಮಾತ್ರ. ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. "ಒಂದು ಊರಿಗೆ ತಾರೋ" ಎಂದರು. ತರುವ ಹಾಗಿಲ್ಲ ಅಪ್ಪ, ಅಲ್ಲಿ ಕತ್ತಿಗೂ ಲೈಸೆನ್ಸ್ ಬೇಕು ಎಂದೆ. ತಮಾಷೆ ಏನೆಂದರೆ ಜಪಾನಿಗೂ ಈ ಕತ್ತಿ ಒಯ್ಯುವ ಹಾಗಿಲ್ಲ. ಅಲ್ಲಿ ನೋಂದಣಿ ಆಗುವುದು ಸಾಂಪ್ರದಾಯಿಕವಾಗಿ ಮಾಡಿದ ಜಪಾನೀ ಕತ್ತಿಗೆ ಮಾತ್ರ. ಅದಕ್ಕೇ ಅಲ್ಲಿ ಅಭ್ಯಾಸಕ್ಕೆ ಸತು-ಅಲ್ಯೂಮಿನಿಯಂ ಮಿಶ್ರಲೋಹದ ಇಯಾಯ್ತೊ ಹಿಡಿಯುತ್ತಾರೆ. ಅದಕ್ಕೆ ಹರಿತ ಬರುವುದಿಲ್ಲ.

ಈಗ ದುಡ್ಡಿನ ಮಾತು. 2025ರ ಮೇ ತಿಂಗಳಲ್ಲಿ ಚೀನಾದ ಪಾರ್ಸೆಲ್‌ಗಳಿಗೆ 800 ಡಾಲರ್‌ವರೆಗೆ ಇದ್ದ ಸುಂಕದ ವಿನಾಯಿತಿ ಹೋಯಿತು. ಹೊಸ ಕತ್ತಿ ತರಿಸುವುದನ್ನು ನಾನು ನಿಲ್ಲಿಸಿಯೇಬಿಟ್ಟೆ. ಸಡಿಲವಾಗಿದೆ ಎಂದು ಜನ ಬೇಸತ್ತು ಮಾರುವ ಹಳೆಯದನ್ನು 100-130ಕ್ಕೆ ಕೊಳ್ಳುತ್ತೇನೆ. ಸಾಮಾನಿಗೆ 15, ಹೊಸ ದಾರ ಸುತ್ತಬೇಕಾದರೆ ಇನ್ನೊಂದು 25. ಬಿಚ್ಚಿದ ಹಿಡಿ, ಕಾಡಿಗೆ ಹಚ್ಚಿದ ನಕಾಗೊ, ಹಾಕಿದ ಚಕ್ಕೆ, ಎಲ್ಲದರ ಫೋಟೋ ಹಾಕಿ ಮಾರಿದರೆ 220, ಒಮ್ಮೊಮ್ಮೆ 250 ಬರುತ್ತದೆ. ಒಳಗಿನ ಫೋಟೋ ಹಾಕಿದರೆ ಬೆಲೆ ಬೀಳುತ್ತದೆ ಎಂದು ಹೆದರಿಸಿದವರಿದ್ದರು. ನನಗೆ ಆಗಿದ್ದು ಉಲ್ಟಾ. ಹೋದ ವರ್ಷ ಚಾಪೆ ಖರ್ಚು ಕಳೆದು ಸುಮಾರು 500 ಉಳಿಯಿತು. ಮನೆಯವಳಿಗೆ ಎರಡು ಡಬ್ಬಿ ಹೊಸ ಕಾಡಿಗೆ ಕೊಡಿಸಿದ್ದೇನೆ.

ಆ ಸಾರು ಹಾಕ್ತೀಯಾ ಎಂದವನಿದ್ದನಲ್ಲ, ಹೋದ ವಾರ ಅವನ 9260 ಕತ್ತಿ ಪಾರ್ಸೆಲ್‌ನಲ್ಲಿ ಬಂದಿದೆ. "ಸುಮ್ನೆ ಒಮ್ಮೆ ನೋಡು" ಎಂದು ಚೀಟಿ. ನೋಡಿದೆ. ಹೊರಗೆ ಹೊಳೆಯುವ ಫುಚಿ (ಹಿಡಿಯ ಬಾಯಿಯ ಬಳೆ), ಒಳಗೆ ಮಡಚಿದ ಕಾಗದ, ಮೇಲಿನ ಮೆಕುಗಿ ಆಗಲೇ ಚಪ್ಪಟೆ. ಕೂಲಿ 40 ಡಾಲರ್, ಸಾಗಣೆ ಅವನದ್ದೇ ಎಂದು ಮೆಸೇಜ್ ಹಾಕಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಕ್ಕಿ ತೊಳೆದಿಟ್ಟಿದ್ದೇನೆ.