ಸೆಲ್ಫ್ ಡ್ರೈವ್ ಕಾರು ತಗೊಂಡು ಮಲೆನಾಡಿಗೆ ಹೊರಡುವವರಿಗೆ

ಬೆಂಗಳೂರಿನಲ್ಲಿ ಸ್ವಂತ ಕಾರು ಇಲ್ಲದವರಿಗೆ ಬಾಡಿಗೆ ಕಾರು ನಿಜವಾಗಲೂ ದೊಡ್ಡ ಅನುಕೂಲ. ಶನಿವಾರ ಬೆಳಿಗ್ಗೆ ತಗೊಂಡು ಮಡಿಕೇರಿಗೋ ಸಕಲೇಶಪುರಕ್ಕೋ ಹೋಗಿ, ಭಾನುವಾರ ರಾತ್ರಿ ವಾಪಸ್ ಕೊಟ್ಟರೆ ಆಯಿತು. ಡೆಪಾಸಿಟ್ ಪೂರ್ತಿ ಕೈಗೆ ಬರುತ್ತದೋ ಇಲ್ಲವೋ ಎನ್ನುವುದು ಮಾತ್ರ ಬಹುತೇಕ ಕೀ ಸಿಕ್ಕ ಮೊದಲ ಇಪ್ಪತ್ತು ನಿಮಿಷದಲ್ಲೇ ತೀರ್ಮಾನ ಆಗಿಬಿಡುತ್ತದೆ.

ಮೊದಲು ನಂಬರ್ ಪ್ಲೇಟ್ ನೋಡಿ. ಸೆಲ್ಫ್ ಡ್ರೈವ್‌ಗೆ ಪರ್ಮಿಟ್ ಇರುವ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಪ್ಲೇಟ್ ಇದ್ದರೆ ಅದು ಯಾರದೋ ಮನೆಯ ಕಾರು. ವಾಟ್ಸಾಪ್ ಗ್ರೂಪ್‌ಗಳಲ್ಲಿ ಇಂಥವು ಕಡಿಮೆ ರೇಟಿಗೆ ಸಿಗುತ್ತವೆ, 'ಯಾರಾದರೂ ಹಿಡಿದರೆ ಫ್ರೆಂಡ್ ಕಾರು ಅಂತ ಹೇಳಿಬಿಡಿ ಸಾರ್' ಎಂದು ಮೊದಲೇ ಪಾಠವನ್ನೂ ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಮನೆ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ, ಹಾಗಾಗಿ ಆಕ್ಸಿಡೆಂಟ್ ಆದರೆ ಕ್ಲೇಮ್ ತಿರಸ್ಕಾರವಾಗಿ ರಿಪೇರಿಯ ಪೂರ್ತಿ ಖರ್ಚು ನಿಮ್ಮ ತಲೆ ಮೇಲೆ ಬರಬಹುದು. ಆರ್‌ಟಿಓದವರು ಗಾಡಿ ಹಿಡಿದಿಟ್ಟರೆ ಹೆಂಡತಿ ಮಕ್ಕಳ ಜೊತೆ ರಸ್ತೆ ಬದಿಯಲ್ಲಿ ನಿಲ್ಲುವವರು ನೀವೇ ಅಲ್ವಾ.

ಕಪ್ಪು ಪ್ಲೇಟ್ ಓಡಿಸಲು ಬೇರೆ ಲೈಸೆನ್ಸ್ ಬೇಕಾ ಎಂದು ಕೆಲವರು ಕೇಳುತ್ತಾರೆ. ಬೇಡ, ಮಾಮೂಲಿ ಎಲ್‌ಎಂವಿ (ಲೈಟ್ ಮೋಟಾರ್ ವೆಹಿಕಲ್, ಅಂದರೆ ಕಾರಿನ) ಲೈಸೆನ್ಸ್ ಸಾಕು. 7,500 ಕೆಜಿ ಒಳಗಿನ ಗಾಡಿಗಳಿಗೆ ಅದೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠವೂ ಹೇಳಿದೆ. ಆದರೆ ಬುಕಿಂಗ್‌ನಲ್ಲಿ ಯಾರ ಲೈಸೆನ್ಸ್ ಕೊಟ್ಟಿದ್ದೀರೋ ಅವರೇ ಓಡಿಸಬೇಕು. ದಾರಿಯಲ್ಲಿ ಸುಸ್ತಾಗಿ ಸ್ನೇಹಿತನಿಗೆ ಸ್ಟೀರಿಂಗ್ ಕೊಡುವ ಯೋಚನೆ ಇದ್ದರೆ ಅವನ ಹೆಸರನ್ನೂ ಮೊದಲೇ ಸೇರಿಸಿಬಿಡಿ.

ಇನ್ನು ಕಿಲೋಮೀಟರ್ ಲೆಕ್ಕ. ಆ್ಯಪ್‌ನಲ್ಲಿ ಕಾಣುವ ಕಡಿಮೆ ರೇಟಿನ ಹಿಂದೆ ಯಾವಾಗಲೂ ಒಂದು ಮಿತಿ ಇರುತ್ತದೆ. ದಿನಕ್ಕೆ 250 ಕಿಮೀ ಎಂದಿಟ್ಟುಕೊಳ್ಳಿ, ಎರಡು ದಿನಕ್ಕೆ 500 ಆಯಿತು. ಬೆಂಗಳೂರಿಂದ ಮಡಿಕೇರಿಗೆ ಸುಮಾರು 260 ಕಿಮೀ, ಅಂದರೆ ಬರೀ ಹೋಗಿ ಬರುವುದಕ್ಕೇ 520. ತಲಕಾವೇರಿ ನೋಡಿಕೊಂಡು ಬಂದರೆ ಇನ್ನೂ ತೊಂಬತ್ತಕ್ಕೂ ಜಾಸ್ತಿ. ಮಿತಿ ದಾಟಿದ ಮೇಲೆ ಕಿಲೋಮೀಟರ್‌ಗೆ 12 ರೂಪಾಯಿ ಹಾಕಿದರೂ 1,300 ರೂಪಾಯಿ ಮೇಲಾಯಿತು. ಹಾಗಾಗಿ ನೋಡಬೇಕೆಂದಿರುವ ಜಾಗಗಳನ್ನೆಲ್ಲ ಮ್ಯಾಪ್‌ನಲ್ಲಿ ಕೂಡಿಸಿ, ಮೇಲೆ ಐವತ್ತು ಕಿಮೀ ಇಟ್ಟುಕೊಂಡು ಪ್ಯಾಕೇಜ್ ಆರಿಸಿ.

ಈಗ ಆ ಇಪ್ಪತ್ತು ನಿಮಿಷ. ಒಮ್ಮೆ ನಾನು ಬೆಳಗಿನ ಐದು ಗಂಟೆಗೆ, ಬೇಸ್‌ಮೆಂಟ್ ಪಾರ್ಕಿಂಗ್‌ನ ಮಂದ ಬೆಳಕಲ್ಲಿ, ಆಗಷ್ಟೇ ತೊಳೆದು ನಿಲ್ಲಿಸಿದ್ದ ಕಾರಿಗೆ ಸುಮ್ನೆ ನಾಲ್ಕು ಫೋಟೋ ಹೊಡೆದು ಹೊರಟೆ. ವಾಪಸ್ ಕೊಟ್ಟಾಗ ಮುಂದಿನ ಬಂಪರ್ ಕೆಳಗೆ ಗೀರು ಇದೆ ಎಂದು ಡೆಪಾಸಿಟ್‌ನಲ್ಲಿ ದುಡ್ಡು ಹಿಡಿದರು. ನಾನು ಮಾಡಿದ್ದಲ್ಲ ಎಂದು ಹೇಳಲು ನನ್ನ ಹತ್ತಿರ ಆ ಜಾಗದ ಒಂದು ಫೋಟೋವೂ ಇರಲಿಲ್ಲ. ಅವತ್ತಿಂದ ಹೀಗೆ ಮಾಡುತ್ತೇನೆ. ಕಾರು ಒದ್ದೆ ಇದ್ದರೆ ಮೊದಲು ಬಟ್ಟೆಯಲ್ಲಿ ಒರೆಸುತ್ತೇನೆ, ಏಕೆಂದರೆ ನೀರಿನ ಕೆಳಗೆ ಗೀರು ಕಾಣುವುದಿಲ್ಲ. ಕಾರಿನ ಸುತ್ತ ನಿಧಾನವಾಗಿ ಒಂದೇ ವೀಡಿಯೊ ಮಾಡುತ್ತೇನೆ, ಮಧ್ಯೆ ನಿಲ್ಲಿಸುವುದಿಲ್ಲ, ನಂಬರ್ ಪ್ಲೇಟ್‌ನಿಂದ ಶುರು ಮಾಡಿ ಅಲ್ಲೇ ಮುಗಿಸುತ್ತೇನೆ. ಮೊಣಕಾಲೂರಿ ಬಂಪರ್ ಕೆಳಭಾಗ, ನಾಲ್ಕೂ ಚಕ್ರದ ರಿಮ್, ಬಾಗಿಲಿನ ಅಂಚು, ಕನ್ನಡಿ ಹಿಂಭಾಗ, ಗಾಜಿನ ಮೂಲೆ ಎಲ್ಲಕ್ಕೂ ಟಾರ್ಚ್ ಬಿಡುತ್ತೇನೆ. ಒಳಗೆ ಕೂತು ಓಡೋಮೀಟರ್, ಪೆಟ್ರೋಲ್ ಮುಳ್ಳು, ಎಂಜಿನ್ ಸ್ಟಾರ್ಟ್ ಆದ ಮೇಲೂ ಆರದ ವಾರ್ನಿಂಗ್ ಲೈಟ್ ಇದ್ದರೆ ಅದನ್ನೂ ಹಿಡಿಯುತ್ತೇನೆ. ಎಲ್ಲವನ್ನೂ ಅಲ್ಲೇ ನಿಂತು ಆ್ಯಪ್‌ಗೋ ಅವರ ವಾಟ್ಸಾಪ್‌ಗೋ ಕಳಿಸಿದ ಮೇಲೆಯೇ ಗೇರ್ ಹಾಕುವುದು. ಕಾರು ತಂದುಕೊಡುವ ಹುಡುಗರು ಬೇಗ ಬೇಗ ಎನ್ನುತ್ತಾರೆ. ಎನ್ನಲಿ ಬಿಡಿ.

ಡಿಕ್ಕಿ ತೆಗೆದು ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಮತ್ತು ವ್ಹೀಲ್ ಸ್ಪ್ಯಾನರ್ ಇವೆಯಾ ನೋಡಿ. ಟೈರ್ ಸವೆದಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಬೇರೆ ಕಾರು ಕೇಳಿ. ವೈಪರ್ ಒಮ್ಮೆ ಓಡಿಸಿ ನೋಡಿ, ಶಿರಾಡಿ ಘಾಟಿಯಲ್ಲಿ ಜುಲೈ ಮಳೆ ಹಿಡಿದಾಗ ಒಳ್ಳೆಯ ವೈಪರ್ ಇಲ್ಲದಿದ್ದರೆ ಮುಂದೆ ಏನೂ ಕಾಣುವುದಿಲ್ಲ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಪರ್ಮಿಟ್‌ಗಳ ಫೋಟೋ ಫೋನಿನಲ್ಲೇ ಉಳಿಸಿಕೊಳ್ಳಿ, ಮಲೆನಾಡಿನಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ, ಟೋಲ್ ಲೆಕ್ಕ ಯಾರದು ಎಂದೂ ಕೇಳಿಬಿಡಿ.

'ಡ್ಯಾಮೇಜ್ ಪ್ರೊಟೆಕ್ಷನ್' ಎಂದು ಒಂದಿಷ್ಟು ದುಡ್ಡು ಹೆಚ್ಚಿಗೆ ತಗೊಳ್ಳುತ್ತಾರಲ್ಲ, ಅದನ್ನು ನಾನು ತಗೊಳ್ಳುತ್ತೇನೆ. ಆದರೆ ಅದರಲ್ಲಿ ಏನು ಸೇರಿಲ್ಲ ಎಂದು ಓದಿ. ಟೈರ್, ಕಾರಿನ ತಳಭಾಗ, ಕಳೆದುಹೋದ ಕೀ, ಸುಟ್ಟ ಕ್ಲಚ್ ಇವು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ. ಮಲೆನಾಡಿನಲ್ಲಿ ಕೆಡುವುದು ಇವೇ. ಘಾಟಿಯಲ್ಲಿ ಹಾಫ್ ಕ್ಲಚ್‌ನಲ್ಲಿ ಕಾರು ನಿಲ್ಲಿಸಿಕೊಳ್ಳಬೇಡಿ, ಹ್ಯಾಂಡ್‌ಬ್ರೇಕ್ ಹಾಕಿ. ಇಳಿಯುವಾಗ ಎರಡನೇ ಗೇರ್‌ನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ. ಕಿರಿದಾದ ರಸ್ತೆಯಲ್ಲಿ ಏರಿ ಬರುವ ಗಾಡಿಗೆ ಮೊದಲು ದಾರಿ ಬಿಡಿ.

ಹೋಮ್‌ಸ್ಟೇ ಬುಕ್ ಮಾಡುವಾಗ ಯಜಮಾನರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, 'ಅಂಗಳದವರೆಗೆ ಸ್ವಿಫ್ಟ್ ಬರುತ್ತಾ?' ಎಷ್ಟೋ ಎಸ್ಟೇಟ್‌ಗಳಲ್ಲಿ ಕೊನೆಯ ಎರಡು ಕಿಲೋಮೀಟರ್ ಕಲ್ಲು ರಸ್ತೆ. 'ಬರುತ್ತೆ, ಸ್ವಲ್ಪ ನೋಡಿಕೊಂಡು ಬನ್ನಿ' ಎಂದರೆ ಬರಲ್ಲ ಎಂದೇ ನಾನು ತಿಳಿದುಕೊಳ್ಳುತ್ತೇನೆ. ಕೆಳಗೆ ಎಲ್ಲಾದರೂ ಕಾರು ನಿಲ್ಲಿಸಿ ಅವರ ಜೀಪ್ ಕರೆಸಿಕೊಳ್ಳಿ.

ಊಟಿ ಕಡೆಗಾದರೆ ಇನ್ನೆರಡು ವಿಷಯ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇರೆ ಬಂದಿದೆ, ಅದಕ್ಕೆ ಗಾಡಿ ನಂಬರ್ ಕೊಡಬೇಕು. ಬಾಡಿಗೆ ಕಾರಿನ ನಂಬರ್ ಎಷ್ಟೋ ಸಲ ಹೊರಡುವ ಹೊತ್ತಿಗೇ ಸಿಗುವುದು, ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಬೇರೆ ರಾಜ್ಯಕ್ಕೆ ಹೋಗಲು ಆ ಕಾರಿಗೆ ಪರ್ಮಿಟ್ ಇದೆಯಾ, ಟ್ಯಾಕ್ಸ್ ಯಾರು ಕಟ್ಟಬೇಕು ಎಂದೂ ಅದೇ ಫೋನಿನಲ್ಲಿ ಕೇಳಿಬಿಡಿ.

ಎಲ್ಲಾದರೂ ತಗುಲಿಸಿಕೊಂಡರೆ ಮೊದಲು ಜನರನ್ನು ನೋಡಿ, ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ. ಆಮೇಲೆ ಫೋಟೋ, ಆಮೇಲೆ ಕಂಪನಿಗೆ ಫೋನ್. ಅವರಿಗೆ ತಿಳಿಸದೆ ಅಲ್ಲೇ ಗ್ಯಾರೇಜಿನಲ್ಲಿ ಸರಿ ಮಾಡಿಸಿದರೆ ಕ್ಲೇಮ್ ಕೈತಪ್ಪಬಹುದು.

ಭಾನುವಾರ ಸಂಜೆ ನೆಲಮಂಗಲದ ಹತ್ತಿರ ಟ್ರಾಫಿಕ್ ಹೇಗಿರುತ್ತದೆ ಎಂದು ಗೊತ್ತೇ ಇದೆ, ಕೊಡುವ ಸಮಯವನ್ನು ಎರಡು ಗಂಟೆ ಮುಂದಕ್ಕೆ ಇಟ್ಟೇ ಬುಕ್ ಮಾಡಿ. ಲೇಟ್ ಆಗುತ್ತದೆ ಎನಿಸಿದರೆ ಸಮಯ ಮುಗಿಯುವ ಮುಂಚೆಯೇ ಆ್ಯಪ್‌ನಲ್ಲಿ ವಿಸ್ತರಿಸಿ. ಪೆಟ್ರೋಲ್ ಮೊದಲಿದ್ದ ಗೆರೆಗೆ ತಂದು ಬಿಲ್ ಇಟ್ಟುಕೊಳ್ಳಿ, ಕೊಡುವಾಗಲೂ ಅದೇ ಥರ ವೀಡಿಯೊ ಮಾಡಿ. ಮೈಸೂರು ಹೈವೇಯಲ್ಲಿ 100ರ ಮಿತಿ ದಾಟಿದ್ದರೆ ಕ್ಯಾಮೆರಾ ಚಲನ್ ಕೆಲವು ದಿನ ಬಿಟ್ಟು ಬರಬಹುದು. ಹಾಗೆ ಯಾವುದಾದರೂ ದಂಡ ನಿಮ್ಮ ಡೆಪಾಸಿಟ್‌ನಲ್ಲಿ ಕಳೆದಿದ್ದರೆ ಚಲನ್ ಪ್ರತಿ ಕೇಳಿ, ಅದರಲ್ಲಿರುವ ತಾರೀಖು ಮತ್ತು ಗಂಟೆಯನ್ನು ನಿಮ್ಮ ಬುಕಿಂಗ್ ಜೊತೆ ಹೋಲಿಸಿ ನೋಡಿ.