ಉಂಗುರದೊಳಗಿನ ಚುಕ್ಕೆ

ಹುಡುಗನಿಗೆ 19 ವರ್ಷ. ಎರಡು ಸಲ ಫಿಟ್ಸ್ ಬಂದಿತ್ತು. ಹೊರಗೆ ಮಾಡಿಸಿದ ಸಿಟಿ ಸ್ಕ್ಯಾನಿನಲ್ಲಿ ಮಿದುಳಿನ ಎಡಗಡೆ ಒಂದು ಉಂಗುರ, ಸುತ್ತಲೂ ಊತ. 'ಗಡ್ಡೆ' ಅಂತ ಯಾರೋ ಹೇಳಿಬಿಟ್ಟಿದ್ದರು. ಅವನ ಅಪ್ಪ ಸ್ಕ್ಯಾನ್ ಓದುವ ಡಾಕ್ಟರಾದ ನನ್ನೆದುರು ಫಿಲ್ಮ್ ಕವರನ್ನು ಎದೆಗವಚಿಕೊಂಡು ಕೂತಿದ್ದರು.

ನಮ್ಮ ದೇಶದಲ್ಲಿ ಹರೆಯದವರಲ್ಲಿ ಇಂಥ ಉಂಗುರ ಕಂಡರೆ ನನಗೆ ಮೊದಲು ನೆನಪಾಗುವುದು ಎರಡು. ಹಂದಿಯ ಲಾಡಿಹುಳುವಿನ ಮರಿ ಕೂತ ಚೀಲ, ಇಲ್ಲವೇ ಟಿಬಿ ಗಂಟು. ಕೀವುಗಡ್ಡೆ, ಕ್ಯಾನ್ಸರ್ ಆಮೇಲೆ.

ಎಂಆರ್‌ಐಯಲ್ಲಿ ಮೊದಲು ಡಿಫ್ಯೂಷನ್, ಅಂದರೆ ನೀರಿನ ಕಣಗಳ ಓಡಾಟ ತೋರಿಸುವ ಚಿತ್ರ ನೋಡಿದೆ. ಕೀವು ಮಂದವಾಗಿರುತ್ತದೆ, ಅದರೊಳಗೆ ನೀರಿನ ಕಣ ಸರಾಗವಾಗಿ ಓಡಾಡುವುದಿಲ್ಲ. ಹಾಗಾಗಿ ನಡುಭಾಗ ಬೆಳ್ಳಗೆ ಹೊಳೆಯುತ್ತದೆ, ಆ ಓಡಾಟವನ್ನು ಅಳೆದು ತೋರಿಸುವ ಎಡಿಸಿ ಮ್ಯಾಪಿನಲ್ಲಿ ಕಪ್ಪಗೆ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟೇ ನೋಡಬೇಕು. ಇವನದು ಹಾಗಿರಲಿಲ್ಲ. ಗಟ್ಟಿಯಾದ ಟಿಬಿ ಗಂಟು, ನೀರು ಬೆಳ್ಳಗೆ ಕಾಣುವ ಟಿ2 ಚಿತ್ರದಲ್ಲಿ ಸಾಮಾನ್ಯವಾಗಿ ಕಪ್ಪು. ಇವನದು ನೀರಿನ ಹಾಗೆ ಬಿಳಿ. ಅಳತೆ 11 ಮಿ.ಮೀ. 2 ಸೆಂ.ಮೀ. ದಾಟಿದ್ದರೆ ಟಿಬಿ ಅನುಮಾನ ಜಾಸ್ತಿಯಾಗುತ್ತಿತ್ತು.

ಆದರೆ ಗಟ್ಟಿ ಸಾಕ್ಷಿ ಅಂದರೆ ಹುಳುವಿನ ತಲೆ. 5 ಮಿ.ಮೀ. ದಪ್ಪದ ಸ್ಲೈಸಿನಲ್ಲಿ ಅದು ತಪ್ಪಿಸಿಕೊಳ್ಳುತ್ತದೆ. ಹಿಂದೊಮ್ಮೆ ನಾನು ಅಷ್ಟಕ್ಕೇ ನಿಲ್ಲಿಸಿ 'ಟಿಬಿ ಇರಬಹುದು' ಅಂತ ಬರೆದಿದ್ದೆ. ಒಬ್ಬ ಹೆಣ್ಣುಮಗಳು ತಿಂಗಳುಗಟ್ಟಲೆ ಬೇಡದ ಮಾತ್ರೆ ನುಂಗಿದಳು. ಅದು ಇವತ್ತಿಗೂ ಚುಚ್ಚುತ್ತದೆ. ಈ ಸಲ ಹುಡುಗನನ್ನು ಮೆಷಿನ್ನಿನಿಂದ ಇಳಿಸಲು ಬಿಡದೆ 1 ಮಿ.ಮೀ. ತೆಳು ಸ್ಲೈಸ್ ತೆಗೆಸಿದೆ. ಒಂದೊಂದನ್ನೇ ಸರಿಸುತ್ತಾ ಹೋದೆ. ಬಿಳಿ ನೀರಿನೊಳಗೆ, ಗೋಡೆಗೆ ಆತುಕೊಂಡ ಹಾಗೆ, ಸಾಸಿವೆಯಷ್ಟು ಕಪ್ಪು ಚುಕ್ಕೆ. ಸಿಕ್ಕಿತು!

ಗಂಟಿನೊಳಗೆ ಯಾವ ರಾಸಾಯನಿಕ ಇದೆ ಅಂತ ಗ್ರಾಫಿನಲ್ಲಿ ತೋರಿಸುವ ಸ್ಪೆಕ್ಟ್ರೋಸ್ಕೋಪಿ ಮಾಡಲಿಲ್ಲ. ದೊಡ್ಡ ಟಿಬಿ ಗಂಟಾದರೆ ಆ ಗ್ರಾಫಿನಲ್ಲಿ ಕೊಬ್ಬಿನ ಗೆರೆ ಎದ್ದು ಕಾಣುತ್ತದೆ, ನಿಜ. ಇಷ್ಟು ಚಿಕ್ಕದರ ಮೇಲೆ ಅಳತೆಯ ಬಾಕ್ಸ್ ಇಟ್ಟರೆ ಸುತ್ತಲಿನ ಮಿದುಳಿನ ಸಿಗ್ನಲ್ ಸೇರಿಕೊಂಡು ಸುಮ್ನೆ ಗೊಂದಲ.

"ನಾವು ಮಾಂಸ ಮುಟ್ಟೋರೇ ಅಲ್ಲ ಮೇಡಂ, ಹಂದಿ ಹುಳ ಹೇಗೆ ಬರುತ್ತೆ?" ಅಂತ ಅಪ್ಪ ಕೇಳಿದರು. ಹೊಟ್ಟೆಯಲ್ಲಿ ಲಾಡಿಹುಳು ಇರುವವರ ಮಲದಿಂದ ಮೊಟ್ಟೆ ನೀರಿಗೆ, ಸೊಪ್ಪಿಗೆ ಸೇರುತ್ತದೆ, ಅದನ್ನು ಯಾರು ಬೇಕಾದರೂ ತಿಂದಿರಬಹುದು ಅಂತ ಹೇಳಿದೆ. ಕಣ್ಣಿನಲ್ಲಿ ಹುಳು ಇಲ್ಲ ಅಂತ ಖಾತ್ರಿಯಾದ ಮೇಲೆ ನರರೋಗ ತಜ್ಞರು ಊತ ಇಳಿಸುವ ಸ್ಟೀರಾಯ್ಡ್ ಜೊತೆ ಹುಳು ಕೊಲ್ಲುವ ಆಲ್ಬೆಂಡಜೋಲ್ ಶುರು ಮಾಡಿದರು.

ಆರು ತಿಂಗಳಿಗೆ ಮತ್ತೆ ಬಂದ. ಉಂಗುರವೂ ಇಲ್ಲ, ಊತವೂ ಇಲ್ಲ. ಸಿಟಿಯಲ್ಲಿ ಸುಣ್ಣದ ಒಂದು ಚುಕ್ಕೆ ಮಾತ್ರ ಉಳಿದಿದೆ. ಅದರಿಂದ ಮತ್ತೆ ಫಿಟ್ಸ್ ಬರಬಹುದು, ಹಾಗಾಗಿ ಫಿಟ್ಸ್ ಮಾತ್ರೆ ಇನ್ನೂ ನಿಲ್ಲಿಸಿಲ್ಲ.